ಸೊನ್ನೆಯ ಕೆಳಗೆ

ಗಾಜು ಕುರುಡಾಗಿತ್ತು.
ಪೊರೆ ಬಂದ ಕಣ್ಣಿನ ಹಾಗೆ ಹಾಲು ಹಾಲು.
ಮುಳ್ಳು ಎಲ್ಲೋ ಒಳಗೆ,
ಮಂಜಿನಲ್ಲಿ ನಿಂತ ಕೊಕ್ಕರೆಯ ಕಾಲು.

"ಟೂತ್‌ಪೇಸ್ಟ್ ಹಾಕಿ ಉಜ್ಜಿದೆ, ಬೂದಿ ಹಾಕಿ ಉಜ್ಜಿದೆ,
ಹೋಗಲೊಲ್ಲದು" ಅಂದ ವಾಷಿಂಗ್ಟನ್ ಓಲಿವೇರಾ.
(ಹೆಸರೊಂದೇ ದೂರದ್ದು.
ಪೈಸಾಂದೂ ಊರಿನ ಮುಂದಿನ ನದಿಯನ್ನೂ
ಸರಿಯಾಗಿ ದಾಟಿದವನಲ್ಲ.)
"ಹೊರಗಿನದಲ್ಲ ಮಾರಾಯ, ಒಳಗಿನದು.
ರಬ್ಬರು, ಬಣ್ಣ, ಎಣ್ಣೆ
ಐವತ್ತು ಬೇಸಿಗೆ ಉಸಿರಾಡಿ
ಗಾಜಿಗೆ ಕಟ್ಟಿದ ಆವಿ. ಬಿಚ್ಚಬೇಕು."

ಬಿಚ್ಚುವುದೇ ಕಷ್ಟ.
ಈ ಮೀಟರಿಗೆ ತಿರುಪಿಲ್ಲ, ಕೀಲಿಲ್ಲ.
ಸುತ್ತ ತಗಡಿನ ಬಳೆ,
ಕಡುಬಿನ ಅಂಚಿನಂತೆ ಒತ್ತಿ ಒತ್ತಿ ಮುಚ್ಚಿದ್ದು.
ಮೊಂಡು ಚಾಕುವಿನ ತುದಿಯಲ್ಲಿ
ಕೂದಲೆಳೆಯಷ್ಟು ಎತ್ತು, ತಿರುಗಿಸು,
ಮತ್ತೆ ಕೂದಲೆಳೆಯಷ್ಟು ಎತ್ತು, ತಿರುಗಿಸು,
ಅವಸರ ಮಾಡಿದೆಯೋ, ಹರಿಯುತ್ತದೆ.
ಇದೇ ಮಾತನ್ನು ಬೇರೆ ಮನೆಗಳಲ್ಲಿ
ಬೇರೆ ಅರ್ಥದಲ್ಲಿ ಹೇಳುತ್ತಿದ್ದಳಂತೆ
ಈ ಗಾಡಿಯವಳು,
ಸೂಲಗಿತ್ತಿ ಎರ್ಮೆಲಿಂದಾ.

ಲಂಗವನ್ನು ಮಂಡಿಗೆ ಬಿಗಿದು, ಚೀಲವನ್ನು ಬೆನ್ನಿಗೆ ಬಿಗಿದು
ಕೆಂಪು ಜಿಲೆರಾ ಮೇಲೆ.
"ನಾನು ಹುಟ್ಟಿದ ರಾತ್ರಿ ನೂರಾ ಹತ್ತರಲ್ಲಿ ಬಂದಳು, ಗೊತ್ತಾ!"
ಗೊತ್ತು. ಊರಲ್ಲಿ ಯಾರು ಹುಟ್ಟಿದ್ದರೂ ನೂರಾ ಹತ್ತೇ.
ಮಣ್ಣುರಸ್ತೆ, ಮಳೆ, ಅಡ್ಡ ಬಂದ ಹಸು,
ಆದರೂ ನೂರಾ ಹತ್ತು.
ಹೇಳುತ್ತ ಹೇಳುತ್ತ ಮಾತೆ ಹೀರುತ್ತಾನೆ.
ಮಾತೆ ಎಂದರೆ ನಮ್ಮಲ್ಲಿ ಕಹಿ ಎಲೆಯ ಕಷಾಯ:
ಒಂದೇ ಸೋರೆಬುರುಡೆ, ಒಂದೇ ಕೊಳವೆ,
ಸುತ್ತ ಕೂತ ಎಲ್ಲರ ಬಾಯಿಗೂ ಸರದಿ.
ಹೆಸರು ತಪ್ಪಿಲ್ಲ.

ಬಳೆ ಬಂತು.
ಹಳೆ ಕೊಡೆ ಬಿಚ್ಚಿದಾಗಿನ ವಾಸನೆ.
ಸೋಪು ನೀರಲ್ಲಿ ಅದ್ದಿದ ಗಾಜು
ಏನೂ ಆಗಿಯೇ ಇಲ್ಲವೆಂಬಂತೆ ತಿಳಿಯಾಯಿತು.
ಕೆಟ್ಟಿದ್ದು ಮುಖ. ಒಂದು ಕಾಲಕ್ಕೆ ಕಪ್ಪು,
ಈಗ ಒಲೆಯ ಬೂದಿ; ಇಪ್ಪತ್ತು, ನಲವತ್ತು, ಅರವತ್ತು
ಎಲ್ಲ ಅಳಿದೂ ಅಳಿಯದ ಹಾಗೆ.
ಮುಳ್ಳಿನ ಕೆಂಪು ಈರುಳ್ಳಿ ಸಿಪ್ಪೆಯಾಗಿದೆ.

ಎರಡು ಟೀ ಚಮಚ ಎರಡು ಕಡೆ ಕೊಟ್ಟು
ಉಸಿರು ಹಿಡಿದು ಮುಳ್ಳು ಎತ್ತಿದೆ.

ಸೊನ್ನೆಯ ಮೇಲೆ, ಮುಳ್ಳು ಮಲಗುತ್ತಿದ್ದಲ್ಲಿ,
ಒಂದು ಗೆರೆ. ಕಪ್ಪು.
ಕಾರ್ಖಾನೆಯಿಂದ ಬಂದ ದಿನದ ಕಪ್ಪು.

ಓಡಿದ್ದಕ್ಕೆ ಇಲ್ಲಿ ಗುರುತೇ ಇಲ್ಲ.
ಓಡುವ ಮುಳ್ಳಿನ ನೆರಳು ಎಲ್ಲಿಯೂ ಕೂರದು.
ನಿಂತದ್ದಕ್ಕಿದೆ.
ಕುರಿದೊಡ್ಡಿಯ ಬೇಲಿಗೆ ಒರಗಿ, ಕಿತ್ತಲೆ ತೋಟದ ಗೇಟಿನಲ್ಲಿ,
ಮಾಂಸದ ಕಾರ್ಖಾನೆಯವರ ಕೇರಿಯಲ್ಲಿ,
ನೆತ್ತಿ ಸುಡುವ ಜನವರಿಯ ಬಿಸಿಲಲ್ಲಿ ಗಾಡಿ.
ಒಳಗೆ, ಕಾಯುವ ನೀರು.
ತೋಳು ಮಡಿಸಿ ಕೂತ ಒಬ್ಬಳು.
ಇನ್ನೂ ಇಲ್ಲ. ಇನ್ನೂ ಇಲ್ಲ.
ಇನ್ನೊಂದು ಮಧ್ಯಾಹ್ನ, ಇನ್ನೊಂದು ಮಧ್ಯಾಹ್ನ,
ಸೂರ್ಯ ಸುತ್ತಲಿನದನ್ನೆಲ್ಲ ತಿಂದು
ಇಷ್ಟನ್ನು ಬಿಟ್ಟ.

ವಾಷಿಂಗ್ಟನ್ ಜೇಬಿನಲ್ಲಿ ಮೊಂತೆವಿದೇಯೋದಿಂದ ತರಿಸಿದ
ಹೊಸ ಮುಖ, ಪ್ಲಾಸ್ಟಿಕ್ ಲಕೋಟೆಯಲ್ಲಿ, ಹೊಳಪು ಅಚ್ಚು.
ತೆಗೆದ. ಪಕ್ಕದಲ್ಲಿಟ್ಟ. ನೋಡಿದ.
ಬುರುಡೆಯ ನೀರು ತಣ್ಣಗಾಯಿತು.
"ಇದರಲ್ಲಿ ನಂದೆಷ್ಟು?" ಅಂದ.
"ಏನು?"
"ನಾನು. ಎಷ್ಟು ಹೊತ್ತು ಕಾಯಿಸಿದೆ ಅವಳನ್ನು?"
ಗಡಿಯಾರ ರಿಪೇರಿ ಮಾಡಿ ಮಾಡಿ
ಕೂದಲು ನರೆತವಳು ನಾನು. ಆದರೂ
"ನಿಮ್ಮಮ್ಮನನ್ನು ಕೇಳು" ಎಂದಷ್ಟೇ ಅಂದೆ.

ಲಕೋಟೆಯನ್ನು ಮರೆತು ಹೋದ. ಅಥವಾ ಮರೆಯಲಿಲ್ಲ.

ಮುಳ್ಳಿಗೆ ಒಂದೇ ಒಂದು ಕುಂಚ ಕೆಂಪು ಕೊಟ್ಟೆ,
ಗಾಜು ಕೂರಿಸಿದೆ, ಬಳೆಯ ಅಂಚು ಒತ್ತಿದೆ,
ಕೇಬಲ್ಲಿನ ಬಾಯಿಗೆ ಡ್ರಿಲ್ಲು ಕೊಟ್ಟು
ಮೆಲ್ಲಗೆ ಗುಂಡಿ ಅದುಮಿದೆ.
ಕೆಂಪು ಮುಳ್ಳು ನಡುಗಿ ಎದ್ದು
ನಲವತ್ತಕ್ಕೆ ಹೋಯಿತು, ಎಪ್ಪತ್ತಕ್ಕೆ.

ಕಪ್ಪು ಮುಳ್ಳು ಏಳಲಿಲ್ಲ.